ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಈಜು: ಎಲ್ಲಿಂದ ಶುರು ಮಾಡಬೇಕು?

ಏಪ್ರಿಲ್ ಬಂತೆಂದರೆ ಒಂದೇ ಪ್ರಶ್ನೆ ನಾಲ್ಕಾರು ವೇಷದಲ್ಲಿ ಬರುತ್ತದೆ. "ಮಗಳಿಗೆ ಆರು ವರ್ಷ, ಈಜಿಗೆ ಹಾಕಬಹುದಾ?" "21 ದಿನದ ಕ್ಯಾಂಪ್ ಮುಗೀತು, ಮಗನಿಗೆ ಇನ್ನೂ ಬರ್ತಿಲ್ಲ, ಏನು ಮಾಡೋದು?" "ಬಾವಿಗೆ ತಳ್ಳಿದ್ರೆ ತಾನಾಗೇ ಕಲೀತಾನೆ ಅಂತಾರೆ ನಮ್ಮ ಮಾವ, ನಿಜವಾ?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲೇ ಬರೆದಿಡುತ್ತಿದ್ದೇನೆ.

ಶುರು ಮಾಡುವ ಮೊದಲು ಅಳತೆಗೋಲು ಯಾವುದು ಎಂದು ಮಾತಾಡಿಕೊಳ್ಳೋಣ. ನಿಮ್ಮ ಮಗು ಎಷ್ಟು ಚೆಂದ ಕೈ ಬೀಸುತ್ತದೆ, ಕೊಳದ ಆ ತುದಿಗೆ ಎಷ್ಟು ಬೇಗ ಹೋಗುತ್ತದೆ ಅನ್ನುವುದೆಲ್ಲ ಆಮೇಲಿನ ಮಾತು. ಗೊತ್ತಿಲ್ಲದೆ ನೀರಿಗೆ ಬಿದ್ದರೆ ಮೇಲೆ ಬರುತ್ತದಾ? ಉಸಿರು ತೆಗೆದುಕೊಂಡು ಸ್ವಲ್ಪ ಹೊತ್ತು ತೇಲುತ್ತದಾ? ತಿರುಗಿ ದಡ ಸೇರಿ ತಾನೇ ಹತ್ತಿ ಬರುತ್ತದಾ? ಇಷ್ಟು ಬಂದರೆ ಈಜು ಬಂತು. ಇದಿಲ್ಲದೆ ಕ್ಯಾಂಪಿನ ಸರ್ಟಿಫಿಕೇಟ್, ಮೆಡಲ್ ಎಲ್ಲ ಗೋಡೆಗೆ ತೂಗುಹಾಕಲು ಮಾತ್ರ. ಕೆಳಗಿನ ಹಂತಗಳೆಲ್ಲ ಈ ಅಳತೆಯನ್ನು ಇಟ್ಟುಕೊಂಡೇ ಬರೆದದ್ದು.

ವಯಸ್ಸು? ನಾಲ್ಕು ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳು ಹೇಳಿದ್ದನ್ನು ಕೇಳಿ, ಅದರಂತೆ ಮಾಡಿ ಕಲಿಯಲು ತಯಾರಾಗಿರುತ್ತಾರೆ. ಅದಕ್ಕಿಂತ ಚಿಕ್ಕವರಿಗೆ ಅಪ್ಪ ಅಥವಾ ಅಮ್ಮ ಜೊತೆಗೇ ನೀರಿಗಿಳಿದು ಆಟ ಆಡಿಸಿದರೆ ಸಾಕು. ಆರು, ಎಂಟು, ಹನ್ನೆರಡು ಯಾವುದೂ ತಡವಲ್ಲ. ಫಿಟ್ಸ್, ಆಸ್ತಮಾ, ಹೃದಯದ ತೊಂದರೆ ಅಥವಾ ಕಿವಿ ಸೋರುವುದು ಇದ್ದರೆ ಮೊದಲು ಡಾಕ್ಟರ್ ಹತ್ತಿರ ಕೇಳಿ. ಫಿಟ್ಸ್ ಇರುವ ಮಗುವಿನ ವಿಷಯವನ್ನು ಕೋಚ್‌ಗೂ ಹೇಳಲೇಬೇಕು. ನಾಚಿಕೊಂಡು ಮುಚ್ಚಿಡಬೇಡಿ.

ಹಂತ 1: ಮಗುವನ್ನು ಬಿಟ್ಟು ನೀವೊಬ್ಬರೇ ಕೊಳ ನೋಡಿ ಬನ್ನಿ

ಬೆಂಗಳೂರಿನಲ್ಲಿ ಬಸವನಗುಡಿಯ ಅಕ್ವಾಟಿಕ್ ಸೆಂಟರ್, ಸದಾಶಿವನಗರದ ಕೆ.ಸಿ. ರೆಡ್ಡಿ ಈಜುಕೊಳ, ಮೈಸೂರಿನ ಸರಸ್ವತಿಪುರಂನಲ್ಲಿ ವಿಶ್ವವಿದ್ಯಾಲಯದ ಕೊಳ, ಮಂಗಳೂರಿನಲ್ಲಿ ಲೇಡಿಹಿಲ್ ಹತ್ತಿರದ ಮಂಗಳಾ ಈಜುಕೊಳ, ಇವೆಲ್ಲ ಹೆಸರಾದವು. ನಿಮ್ಮೂರಲ್ಲೂ ಒಂದಿರಬಹುದು. ಹೆಸರು ನೋಡಿ ಹಣ ಕಟ್ಟಬೇಡಿ. ದೊಡ್ಡ ಕೊಳದಲ್ಲಿ ಕಲಿಕೆ ಚೆನ್ನಾಗಿರುತ್ತದೆ ಅಂತೇನಿಲ್ಲ. ಹೊಸದಾಗಿ ಕಲಿಯುವ ಮಗುವಿಗೆ ಕಾಲು ನೆಲಕ್ಕೆ ಸಿಗುವ, ನೀರು ಎದೆಮಟ್ಟ ದಾಟದ ಜಾಗ ಬೇಕು. ಅದಿದೆಯಾ ನೋಡಿ.

ಬ್ಯಾಚ್ ನಡೆಯುತ್ತಿರುವಾಗಲೇ ಹೋಗಿ, ಕಾಲು ಗಂಟೆ ಸುಮ್ನೆ ನಿಂತು ನೋಡಿ. ಆಳದ ಕಡೆಯಲ್ಲೂ ತಳದ ಗೆರೆಗಳು ಕಣ್ಣಿಗೆ ಕಾಣಬೇಕು. ಕಾಣದಿದ್ದರೆ ಅಲ್ಲಿ ಮುಳುಗಿದ ಮಗುವೂ ಕಾಣುವುದಿಲ್ಲ, ಮರುಮಾತಿಲ್ಲದೆ ವಾಪಸ್ ಬನ್ನಿ. ಲೈಫ್‌ಗಾರ್ಡ್, ಅಂದರೆ ಯಾರಾದರೂ ಮುಳುಗಿದರೆ ಎತ್ತಲೆಂದೇ ಇರುವ ಕಾವಲಿನವರು, ಅಲ್ಲಿದ್ದಾರಾ? ಅವರ ಕಣ್ಣು ನೀರಿನ ಮೇಲಿದೆಯಾ, ಮೊಬೈಲ್ ಮೇಲಾ? ಕಲಿಸುವ ಕೋಚೇ ಕಾವಲಿಗೂ ಇದ್ದಾರೆ ಎಂದರೆ ಕಾವಲೇ ಇಲ್ಲ ಅಂತ ಲೆಕ್ಕ. ಕಟ್ಟೆಯ ಮೇಲೆ ಆಳ ಎಷ್ಟೆಂದು ಬರೆದಿರಬೇಕು. ಹಗ್ಗ ಕಟ್ಟಿದ ರಿಂಗ್ ಕೈಗೆ ಸಿಗುವ ಹಾಗೆ ನೇತಾಡುತ್ತಿರಬೇಕು.

ಒಬ್ಬ ಕೋಚ್ ಕೈಯಲ್ಲಿ ಎಷ್ಟು ಮಕ್ಕಳು? ಹೊಸಬರಾದರೆ ಆರರಿಂದ ಎಂಟು ಎನ್ನುವುದು ನನ್ನ ಲೆಕ್ಕ. ಏಪ್ರಿಲ್, ಮೇ ತಿಂಗಳಲ್ಲಿ ಇಪ್ಪತ್ತೈದು ಮಕ್ಕಳನ್ನು ಸಾಲಾಗಿ ಕಟ್ಟೆ ಮೇಲೆ ಕೂರಿಸಿ ಒಬ್ಬರೇ ಸೀಟಿ ಊದುತ್ತಿರುತ್ತಾರೆ. ಅಂಥ ಕಡೆ ನಿಮ್ಮ ಮಗುವಿಗೆ ದಿನಕ್ಕೆ ಸಿಗುವುದು ಎರಡು ನಿಮಿಷ.

ನೀರಿನ ಬಗ್ಗೆಯೂ ಕೇಳಿ. ಪಿಎಚ್ ಎಂದರೆ ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎನ್ನುವ ಅಳತೆ. ಅದು 7.2ರಿಂದ 7.8ರ ಒಳಗಿದ್ದರೆ ಕಣ್ಣು ಉರಿಯುವುದು ಕಡಿಮೆ, ಕ್ಲೋರಿನ್ ಕೂಡ ಸರಿಯಾಗಿ ಕೆಲಸ ಮಾಡುತ್ತದೆ. ಚೆನ್ನಾಗಿ ನೋಡಿಕೊಳ್ಳುವ ಕಡೆ ದಿನವೂ ಇದನ್ನು ನೋಡಿ ಬರೆದಿಡುತ್ತಾರೆ. ಕೇಳಿದರೆ ತೋರಿಸುತ್ತಾರೆ. ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಬಾಗಿಲಲ್ಲೇ ಘಾಟು ಹೊಡೆದರೆ "ಕ್ಲೋರಿನ್ ಚೆನ್ನಾಗಿ ಹಾಕಿದ್ದಾರೆ, ನೀರು ಕ್ಲೀನು" ಅಂದುಕೊಳ್ಳುತ್ತೇವೆ. ಕ್ಲೋರಿನ್ ಬೆವರಿನ ಜೊತೆ, ಉಚ್ಚೆಯ ಜೊತೆ ಸೇರಿದಾಗ ಹುಟ್ಟುವ ವಾಸನೆ ಅದು. ಘಾಟು ಜಾಸ್ತಿ ಅಂದರೆ ಕೊಳೆ ಜಾಸ್ತಿ. ಅದಕ್ಕೇ ಇಳಿಯುವ ಮೊದಲು ಸ್ನಾನ ಮಾಡಿ ಅನ್ನುವುದು. ನಮ್ಮ ಮಕ್ಕಳಿಗೂ ಟಾಯ್ಲೆಟ್ಟಿಗೆ ಹೋಗಿಯೇ ನೀರಿಗಿಳಿಯುವ ಅಭ್ಯಾಸ ಮಾಡಿಸಬೇಕಲ್ವಾ?

ಬ್ಯಾಚ್ ಬೆಳಿಗ್ಗೆ ಎಂಟರೊಳಗೆ ಇರಲಿ, ಇಲ್ಲವೇ ಸಂಜೆ ಬಿಸಿಲು ಇಳಿದ ಮೇಲೆ. ಹನ್ನೊಂದು ಗಂಟೆಯ ಬ್ಯಾಚ್ ಖಾಲಿ ಇದೆ ಎಂದು ಸೇರಿಸಿದರೆ ಬೆನ್ನು ಸುಡುತ್ತದೆ.

ಹಂತ 2: ಚೀಲಕ್ಕೆ ಏನೇನು

ಈಜುಡುಗೆ ನೈಲಾನ್ ಥರದ ಬಟ್ಟೆಯದ್ದೇ ಆಗಬೇಕು. ಹತ್ತಿಯ ಚಡ್ಡಿ, ಟೀ ಶರ್ಟ್ ನೀರು ಕುಡಿದು ಭಾರವಾಗುತ್ತವೆ, ಕೊಳದವರು ಬಿಡುವುದೂ ಇಲ್ಲ. ಮೈ ತುಂಬ ಮುಚ್ಚುವ ಪೂರ್ತಿ ತೋಳಿನ ಉಡುಗೆ ಈಗ ಎಲ್ಲ ಕಡೆ ಸಿಗುತ್ತದೆ. ಬಣ್ಣ ಆರಿಸುವಾಗ ಮಾತ್ರ ಹುಷಾರು. ತಿಳಿ ನೀಲಿ, ಬಿಳಿ, ಬೂದು ಬಣ್ಣದ ಉಡುಗೆ ನೀರೊಳಗೆ ಕಾಣಿಸುವುದೇ ಇಲ್ಲ. ಕಣ್ಣಿಗೆ ಹೊಡೆಯುವ ಕಿತ್ತಳೆ, ಗಾಢ ಗುಲಾಬಿ ತೆಗೆದುಕೊಳ್ಳಿ. ಮಗು "ನೀಲಿನೇ ಬೇಕು" ಎಂದು ಹಟ ಮಾಡಿದರೆ ನೀಲಿ ಟೋಪಿ ಕೊಡಿಸಿ ಸಮಾಧಾನ ಮಾಡಬೇಡಿ, ಟೋಪಿಗೂ ಇದೇ ಮಾತು.

ಗಾಗಲ್ಸ್, ಅಂದರೆ ಈಜುಗನ್ನಡಕ, ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಪಟ್ಟಿ ಹಾಕದೆ ಬರೀ ಕನ್ನಡಕವನ್ನು ಕಣ್ಣಿಗೆ ಮೆಲ್ಲಗೆ ಒತ್ತಿ ಕೈ ಬಿಡಿ. ಒಂದೆರಡು ಕ್ಷಣ ಅಂಟಿಕೊಂಡು ನಿಂತರೆ ಅಳತೆ ಸರಿ. ಹಾಕಿದ ಮೇಲೆ ಕನ್ನಡಕವನ್ನು ಮುಖದಿಂದ ಎಳೆದು ಪಟ್ ಅಂತ ಬಿಡುವ ಆಟವಾಡಲು ಬಿಡಬೇಡಿ, ಕಣ್ಣಿಗೆ ಪೆಟ್ಟಾಗುತ್ತದೆ.

ಟೋಪಿ, ಟವೆಲ್, ಜಾರದ ಚಪ್ಪಲಿ, ಸೋಪು, ಒದ್ದೆ ಬಟ್ಟೆಗೊಂದು ಪ್ಲಾಸ್ಟಿಕ್ ಕವರ್, ಕುಡಿಯುವ ನೀರು. ನೀರಲ್ಲಿದ್ದರೂ ಮೈ ಬೆವರುತ್ತದೆ, ಗೊತ್ತಾಗುವುದಿಲ್ಲ ಅಷ್ಟೆ.

ಇನ್ನು ತೋಳಿಗೆ ಹಾಕುವ ಗಾಳಿಚೀಲ. ಇದನ್ನು ಕೊಳ್ಳಬೇಡಿ. ಈಜುವಾಗ ಮೈ ನೀರಿನ ಮೇಲೆ ಮಲಗಬೇಕು, ಈ ಚೀಲಗಳು ಮಗುವನ್ನು ನೆಟ್ಟಗೆ ನಿಲ್ಲಿಸುತ್ತವೆ. ಜೊತೆಗೆ "ನನಗೆ ಈಜು ಬರುತ್ತೆ" ಎನ್ನುವ ಸುಳ್ಳು ಧೈರ್ಯ ಕೊಡುತ್ತವೆ. ಒಂದು ದಿನ ಚೀಲ ಹಾಕಿಲ್ಲ ಎನ್ನುವುದನ್ನು ಮರೆತು ಮಗು ನೀರಿಗೆ ಹಾರುತ್ತದೆ. ಹಳ್ಳಿಯಲ್ಲಿ ನಮ್ಮ ಹಿರಿಯರು ಒಣಗಿದ ಸೋರೆಬುರುಡೆ ಕಟ್ಟಿ ಬಾವಿಗೆ ಇಳಿಸುತ್ತಿದ್ದರು. ಅದರ ಉಪಾಯ ಇದಕ್ಕಿಂತ ಮೇಲು. ಬುರುಡೆ ಬೆನ್ನಿಗೆ, ಸೊಂಟಕ್ಕೆ ಇರುತ್ತಿದ್ದುದರಿಂದ ಮೈ ಬೋರಲಾಗಿ ಮಲಗುತ್ತಿತ್ತು. ಕೈಕಾಲು ಎರಡೂ ಆಡಲು ಬಿಡುವು. ಕಲಿತ ಹಾಗೆ ಬುರುಡೆ ಚಿಕ್ಕದಾಗುತ್ತಿತ್ತು. ಈಗ ಅದೇ ಕೆಲಸಕ್ಕೆ ಸೊಂಟಕ್ಕೆ ಕಟ್ಟುವ ಫೋಮ್ ಬಿಲ್ಲೆಗಳ ಬೆಲ್ಟ್ ಸಿಗುತ್ತದೆ, ಒಂದೊಂದೇ ಬಿಲ್ಲೆ ತೆಗೆಯುತ್ತಾ ಹೋಗಬಹುದು. ಯಾವುದೇ ಇರಲಿ, ಅದು ಕಲಿಯುವ ಸಾಮಾನು. ಜೀವ ಉಳಿಸುವ ಸಾಮಾನು ಅಲ್ಲ. ಮಗು ನಿಮ್ಮ ಕೈಯಳತೆಯಲ್ಲೇ ಇರಬೇಕು.

ಹಂತ 3: ಮನೆಯಲ್ಲಿ ಒಂದು ವಾರ, ಬಕೆಟ್ ಮುಂದೆ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಮುಖಕ್ಕೆ ನೀರು ತಾಗಿದರೆ ಕಿರುಚುವ ಮಗುವನ್ನು ನೇರ ಕೊಳಕ್ಕೆ ಕರೆದುಕೊಂಡು ಹೋದರೆ ಮೊದಲ ವಾರದ ಫೀಸು ಅಳುವುದಕ್ಕೇ ಹೋಗುತ್ತದೆ. ಸ್ನಾನದ ಹೊತ್ತಿನಲ್ಲಿ ತಲೆ ಮೇಲೆ ತಂಬಿಗೆಯಿಂದ ನೀರು ಸುರಿಯಿರಿ. ಕಣ್ಣು ಒರೆಸಿಕೊಳ್ಳದೆ ಮೂರು ಎಣಿಸಲಿ. ಆಮೇಲೆ ಅಗಲದ ಬಕೆಟ್ಟಿನಲ್ಲಿ ನೀರಿಟ್ಟು ಬಾಯಿ ಮುಳುಗಿಸಿ ಗುಳ್ಳೆ ಬಿಡುವ ಆಟ. ಮೂರನೇ ದಿನ ಮೂಗೂ ಮುಳುಗಲಿ. ಮೂಗಿನಲ್ಲಿ "ಹೂಂ" ಎಂದು ಗುನುಗಿದರೆ ಗಾಳಿ ಹೊರಗೆ ಬರುತ್ತಿರುತ್ತದೆ, ನೀರು ಒಳಗೆ ಹೋಗುವುದಿಲ್ಲ. ಈ ಗುನುಗುವ ಉಪಾಯ ಒಂದನ್ನು ಕಲಿತ ಮಗು ಕೊಳದಲ್ಲಿ ಉಳಿದವರಿಗಿಂತ ವಾರ ಮುಂದಿರುತ್ತದೆ.

ಬಕೆಟ್ಟಿನ ಮುಂದೆ ಮಗುವನ್ನು ಒಂಟಿಯಾಗಿ ಬಿಡಬೇಡಿ. ಪುಟ್ಟ ಮಕ್ಕಳ ಜೀವ ತೆಗೆಯಲು ಅರ್ಧ ಬಕೆಟ್ ನೀರು ಸಾಕು. ಆಟ ಮುಗಿದ ಕೂಡಲೇ ನೀರು ಚೆಲ್ಲಿ ಬಕೆಟ್ ಮಗುಚಿಡಿ.

ಹಂತ 4: ಮೊದಲೆರಡು ದಿನ ನೀರಿನ ಜೊತೆ ಸ್ನೇಹ ಮಾತ್ರ

ಕಟ್ಟೆಯ ಮೇಲೆ ಕೂತು ಕಾಲು ಬಡಿಯಲಿ. ಇಳಿದು ಕಟ್ಟೆ ಹಿಡಿದು ನಡೆಯಲಿ. ಗಲ್ಲದವರೆಗೆ ಕುಳಿತೇಳಲಿ. ಮನೆಯಲ್ಲಿ ಮಾಡಿದ ಗುಳ್ಳೆಯನ್ನೇ ಇಲ್ಲೂ ಬಿಡಲಿ. ಇಷ್ಟೇ. "ದುಡ್ಡು ಕೊಟ್ಟು ನೀರಲ್ಲಿ ನಡೆಯೋಕೆ ಬಂದ್ವಾ?" ಎಂದು ಅನ್ನಿಸುತ್ತದೆ, ಅನ್ನಿಸಲಿ.

ತಳ್ಳುವುದು ಮಾತ್ರ ಬೇಡ. ನನ್ನ ಮಗಳಿಗೆ ಎರಡನೇ ದಿನವೇ ಒಬ್ಬ ಕೋಚ್ "ಭಯ ಬಿಡಿಸ್ತೀನಿ" ಎಂದು ಆಳಕ್ಕೆ ನೂಕಿದರು. ಆಮೇಲೆ ಒಂದು ವರ್ಷ ಅವಳು ಕೊಳದ ಗೇಟು ದಾಟಲಿಲ್ಲ. ಬಾವಿಗೆ ತಳ್ಳಿ ಕಲಿಸಿದ ಮಾವ ಕಲಿತವರ ಕತೆ ಮಾತ್ರ ಹೇಳುತ್ತಾರೆ. ಹೆದರಿ ಜೀವಮಾನವಿಡೀ ನೀರಿಗಿಳಿಯದವರು ಪ್ರತಿ ಊರಲ್ಲೂ ಇದ್ದಾರೆ, ಅವರು ಕತೆ ಹೇಳುವುದಿಲ್ಲ. ಭಯ ಇದ್ದ ಮಾತ್ರಕ್ಕೆ ಈಜು ಬರುವುದಿಲ್ಲ ಅಂತಲೂ ಅಲ್ಲ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈಜಿದ ಬೆಂಗಳೂರಿನ ನಿಶಾ ಮಿಲೆಟ್ ಚಿಕ್ಕಂದಿನಲ್ಲಿ ಮುಳುಗಿ ಬದುಕಿದವರು. ಆ ಹೆದರಿಕೆ ಬಿಡಿಸಲೆಂದೇ ಅಪ್ಪ ಅವರಿಗೆ ಈಜು ಕಲಿಸಿದ್ದು.

ಹಂತ 5: ಉಸಿರು

ಕೈಕಾಲಿಗಿಂತ ಮೊದಲು ಉಸಿರು. ನೀರಿನ ಮೇಲೆ ಬಾಯಿಯಿಂದ ಎಳೆದುಕೊಳ್ಳಬೇಕು, ನೀರೊಳಗೆ ಮೂಗಿನಿಂದ ಬಿಡಬೇಕು. ನೆಲದ ಮೇಲಿನ ಅಭ್ಯಾಸಕ್ಕೆ ಇದು ತಿರುವುಮುರುವು, ಅದಕ್ಕೇ ಕಷ್ಟ. ಎದೆಮಟ್ಟದ ನೀರಲ್ಲಿ ಕಟ್ಟೆ ಹಿಡಿದು ಮುಳುಗು, ಗುಳ್ಳೆ ಬಿಡು, ಏಳು, ಉಸಿರೆಳೆ. ಮೊದಲ ದಿನ ಐದು ಸಲ. ವಾರ ಕಳೆಯುವಷ್ಟರಲ್ಲಿ ನಡುವೆ ಮುಖ ಒರೆಸಿಕೊಳ್ಳದೆ ಇಪ್ಪತ್ತು ಸಲ ಆಗಬೇಕು.

ಸಾಮಾನ್ಯ ತಪ್ಪು ಎಂದರೆ ನೀರೊಳಗೆ ಉಸಿರು ಬಿಗಿಹಿಡಿಯುವುದು. ಮೇಲೆ ಬಂದಾಗ ಬಿಡುವುದನ್ನೂ ಎಳೆಯುವುದನ್ನೂ ಒಟ್ಟಿಗೆ ಮಾಡಲು ಹೋಗಿ ನೀರು ಕುಡಿಯುತ್ತಾರೆ. "ನನ್ನ ಮಗ ಹತ್ತು ಮೀಟರ್ ಹೋಗ್ತಾನೆ, ಆಮೇಲೆ ಸುಸ್ತಾಗ್ತಾನೆ" ಎನ್ನುವ ಅಪ್ಪಂದಿರೇ, ಅವನಿಗೆ ಶಕ್ತಿ ಕಡಿಮೆಯಲ್ಲ. ಉಸಿರು ಬಿಡಲು ಕಲಿತಿಲ್ಲ.

ಸ್ವಲ್ಪ ಬಂದ ಮೇಲೆ ಮಕ್ಕಳು "ಯಾರು ಜಾಸ್ತಿ ಹೊತ್ತು ಒಳಗಿರ್ತಾರೆ" ಎಂದು ಪಂದ್ಯ ಕಟ್ಟುತ್ತಾರೆ. ಗದರಿಸಿಯಾದರೂ ನಿಲ್ಲಿಸಿ. ಮುಳುಗುವ ಮೊದಲು ಬೇಗಬೇಗ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. "ಉಸಿರು ಬೇಕು" ಎಂದು ಮೈ ಎಚ್ಚರಿಸುವುದು ಅದು ಏರಿದಾಗಲೇ. ಎಚ್ಚರಿಕೆ ಬರುವ ಮೊದಲೇ ಆಮ್ಲಜನಕ ಮುಗಿದು, ಮಗು ನೀರೊಳಗೆ ಸದ್ದಿಲ್ಲದೆ ಜ್ಞಾನ ತಪ್ಪುತ್ತದೆ. ಚೆನ್ನಾಗಿ ಈಜುವ ಹುಡುಗರೇ ಹೀಗೆ ಹೋಗುವುದು.

ಹಂತ 6: ತೇಲುವುದು, ಅದಕ್ಕಿಂತ ಮೊದಲು ಎದ್ದು ನಿಲ್ಲುವುದು

ಇಡೀ ಕಲಿಕೆಯ ನಡುಗಂಬ ಈ ಹಂತ. ವಾರ ಹಿಡಿದರೂ ಹಿಡಿಯಲಿ.

ಮೊದಲು ಏಳುವುದನ್ನು ಕಲಿಸಿ. ಮಗು ತೇಲಲು ಹೆದರುವುದಕ್ಕೆ ಕಾರಣ ಮುಳುಗುತ್ತೇನೆ ಎನ್ನುವುದಕ್ಕಿಂತ ಮತ್ತೆ ನಿಲ್ಲಲು ಬರುವುದಿಲ್ಲ ಎನ್ನುವುದು. ಬೋರಲಾಗಿ ತೇಲುವಾಗ ಎರಡೂ ಮಂಡಿಯನ್ನು ಹೊಟ್ಟೆಗೆ ಎಳೆದುಕೊಳ್ಳಬೇಕು, ಕೈಗಳಿಂದ ನೀರನ್ನು ಕೆಳಕ್ಕೆ ಒತ್ತಬೇಕು, ಆಮೇಲೆ ತಲೆ ಎತ್ತಿ ಪಾದ ಊರಬೇಕು. ಕ್ರಮ ಇದೇ. ಮೊದಲೇ ತಲೆ ಎತ್ತಿದರೆ ಕಾಲು ಹಿಂದೆಯೇ ಉಳಿದು ಗಾಬರಿಯಾಗುತ್ತದೆ. ನಿಮ್ಮ ಕೈ ಹಿಡಿದುಕೊಂಡು ಹತ್ತು ಸಲ ಮಾಡಿಸಿ.

ಈಗ ಬೋರಲು ತೇಲಾಟ. ದೊಡ್ಡದಾಗಿ ಉಸಿರೆಳೆದು, ಮುಖ ಮುಳುಗಿಸಿ, ಕೈಕಾಲು ಸಡಿಲ ಬಿಟ್ಟು ಎಲೆಯ ಹಾಗೆ. ಶ್ವಾಸಕೋಶದಲ್ಲಿ ಗಾಳಿ ಇರುವವರೆಗೆ ಎದೆ ಮೇಲೇ ಇರುತ್ತದೆ, ಮುಳುಗಬೇಕೆಂದರೂ ಆಗುವುದಿಲ್ಲ. ಇದನ್ನು ಮಗುವಿಗೆ ತೋರಿಸಲು ತಳದಲ್ಲಿ ಕೂರಲು ಹೇಳಿ. ತುಂಬಿದ ಎದೆಯಲ್ಲಿ ಕೂರಲು ಆಗದೆ ನಗುತ್ತಾ ಮೇಲೆ ಬರುತ್ತದೆ. ನೂರು ಸಲ "ಹೆದರಬೇಡ" ಅನ್ನುವುದಕ್ಕಿಂತ ಇದು ಕೆಲಸ ಮಾಡುತ್ತದೆ.

ಅಂಗಾತ ತೇಲುವುದು ಇನ್ನೂ ಮುಖ್ಯ. ದಣಿದಾಗ, ದಾರಿ ತಪ್ಪಿದಾಗ, ಕಾಲು ಸೆಳೆತ ಹಿಡಿದಾಗ ಉಸಿರಾಡುತ್ತಲೇ ಕಾಯಬಹುದಾದ ಭಂಗಿ ಅದೊಂದೇ. ನಿಮ್ಮ ಭುಜದ ಮೇಲೆ ಮಗುವಿನ ತಲೆ ಇರಲಿ, ಕೆನ್ನೆಗೆ ಕೆನ್ನೆ ತಾಗಲಿ. ಕಿವಿ ನೀರೊಳಗೆ, ಕಣ್ಣು ಆಕಾಶಕ್ಕೆ, ಹೊಟ್ಟೆ ಮೇಲಕ್ಕೆ. ಕಿವಿಗೆ ನೀರು ತಾಗಿದಾಗ ಶಬ್ದವೆಲ್ಲ ಮಾಯವಾಗಿ ಮಗು ಬೆಚ್ಚುತ್ತದೆ, ಮೊದಲೇ ಹೇಳಿಡಿ. ನಿಧಾನಕ್ಕೆ ಭುಜ ತೆಗೆದು ಅಂಗೈ, ಆಮೇಲೆ ಎರಡು ಬೆರಳು, ಆಮೇಲೆ ಏನೂ ಇಲ್ಲ. ತಲೆ ಎತ್ತಿ ಪಾದ ನೋಡಲು ಹೋದರೆ ಸೊಂಟ ಕುಸಿಯುತ್ತದೆ. ಸಣಕಲು ಮಕ್ಕಳ ಕಾಲು ಮೆಲ್ಲಗೆ ಕೆಳಗಿಳಿಯುವುದು ಸಹಜ. ಕಾಲು ಇಳಿದರೂ ಮೂಗು ಮೇಲಿದ್ದರೆ ಸಾಕು.

ಒಂದು ನಿಮಿಷ ಒಬ್ಬರೇ ಅಂಗಾತ ತೇಲುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ. ಕೋಚ್ ಅವಸರ ಮಾಡಿದರೆ "ಇನ್ನೂ ಎರಡು ದಿನ ತೇಲಿಸಿ ಸಾರ್" ಎಂದು ನೀವೇ ಕೇಳಿ.

ಹಂತ 7: ಜಾರಿ ಸಾಗುವುದು, ಕಾಲು ಬಡಿಯುವುದು

ಗೋಡೆಗೆ ಪಾದ ಕೊಟ್ಟು ನೂಕಿಕೊಂಡು, ಕೈ ಮುಂದೆ ಚಾಚಿ, ಮುಖ ನೀರಲ್ಲಿಟ್ಟು ಬಾಣದ ಹಾಗೆ ಜಾರುವುದಕ್ಕೆ ಗ್ಲೈಡ್ ಅನ್ನುತ್ತಾರೆ. ಇದು ಬಂದ ಮೇಲೆ ಅದಕ್ಕೆ ಕಾಲು ಸೇರಿಸುವುದು. ಕಿಕ್‌ಬೋರ್ಡ್ ಎಂದರೆ ಕೈಯಲ್ಲಿ ಹಿಡಿದು ತೇಲುವ ಫೋಮ್ ಹಲಗೆ. ಅದನ್ನು ಹಿಡಿದು ಅಭ್ಯಾಸ ಮಾಡಿಸುತ್ತಾರೆ. ಕಾಲಿನ ಶಕ್ತಿ ಸೊಂಟದಿಂದ ಬರಬೇಕು, ಮಂಡಿ ಸ್ವಲ್ಪವೇ ಮಡಿಯಬೇಕು, ಪಾದ ಚಾಚಿರಬೇಕು. ಸೈಕಲ್ ತುಳಿದ ಹಾಗೆ ಮಂಡಿ ಮಡಿಸುತ್ತಿದ್ದರೆ ಎಷ್ಟು ಒದ್ದರೂ ಇದ್ದಲ್ಲೇ ಇರುತ್ತಾರೆ. ನೀರು ಮನೆಯೆತ್ತರ ಚಿಮ್ಮುತ್ತಿದ್ದರೆ ಅದೂ ದಂಡವೇ.

ಹಂತ 8: ಕೈ ಬೀಸುವುದು

ಇದನ್ನು ಕೋಚ್‌ಗೇ ಬಿಡಿ. ಕಟ್ಟೆ ಮೇಲೆ ನಿಂತು "ಕೈ ಎತ್ತು, ಬೇಗ ಬೇಗ!" ಎಂದು ಕೂಗುವ ಅಪ್ಪ ಅಮ್ಮಂದಿರಿಂದ ಯಾವ ಮಗುವೂ ಕಲಿತಿಲ್ಲ. ಒಂದು ವಿಷಯ ಮಾತ್ರ ಗಮನಿಸಿ. ಉಸಿರಿಗಾಗಿ ತಲೆಯನ್ನು ಪಕ್ಕಕ್ಕೆ ಹೊರಳಿಸಬೇಕು, ಮುಂದಕ್ಕೆ ಎತ್ತಬಾರದು.

ಹಂತ 9: ಆಳ, ಮತ್ತು ನಿಜವಾದ ಪರೀಕ್ಷೆ

ಕಾಲು ಸಿಗದ ಕಡೆಗೆ ಹೋಗುವ ಮೊದಲು ನಿಂತಲ್ಲೇ ತೇಲುವುದನ್ನು ಕಲಿಸಬೇಕು. ಟ್ರೆಡಿಂಗ್ ಎನ್ನುತ್ತಾರೆ. ನೆಟ್ಟಗೆ ಇದ್ದುಕೊಂಡು, ಕೈಗಳಿಂದ ನೀರನ್ನು ಬೆಣ್ಣೆ ಸವರಿದ ಹಾಗೆ ಅತ್ತಿತ್ತ ಸವರುತ್ತಾ, ಕಾಲಾಡಿಸುತ್ತಾ ಮುಖ ಮೇಲಿಟ್ಟುಕೊಳ್ಳುವುದು.

ಆಮೇಲೆ ಪರೀಕ್ಷೆ, ಕೋಚ್ ಪಕ್ಕದಲ್ಲೇ ನೀರಿನಲ್ಲಿರುವಾಗ. ತಲೆ ಮುಳುಗುವ ಆಳಕ್ಕೆ ಮಗು ತಾನಾಗಿ ಹಾರಿ, ಮೇಲೆ ಬಂದು, ಒಂದು ನಿಮಿಷ ತೇಲಿ, ಸುತ್ತ ತಿರುಗಿ, 25 ಮೀಟರ್ ಹೇಗಾದರೂ ಸಾಗಿ, ಏಣಿ ಇಲ್ಲದೆ ಕಟ್ಟೆ ಹತ್ತಿ ಬರಬೇಕು. ಯಾವ ಶೈಲಿ ಎನ್ನುವುದು ಲೆಕ್ಕಕ್ಕಿಲ್ಲ, ನಾಯಿ ಈಜಾದರೂ ಸರಿ. ಗಾಗಲ್ಸ್ ಇಲ್ಲದೆ ಒಮ್ಮೆ ಮಾಡಿಸಿ. ಕೊಳದವರು ಒಪ್ಪಿದರೆ ಮೈಮೇಲೆ ಸಾಮಾನ್ಯ ಬಟ್ಟೆ ಇದ್ದಾಗಲೂ ಒಮ್ಮೆ ಮಾಡಿಸಿ. ಹೊಳೆಗೆ ಬೀಳುವವರು ಗಾಗಲ್ಸ್ ಹಾಕಿಕೊಂಡು ಬೀಳುವುದಿಲ್ಲವಲ್ಲ.

ವಾರಕ್ಕೆ ಐದು ದಿನ, ದಿನಕ್ಕೆ ಮುಕ್ಕಾಲು ಗಂಟೆಯಂತೆ ಹೋದರೂ ಹಲವು ಮಕ್ಕಳಿಗೆ ಇಲ್ಲಿಗೆ ಬರಲು 21 ದಿನ ಸಾಲುವುದಿಲ್ಲ. ಮಗುವಿನಲ್ಲಿ ಕೊರತೆ ಇದೆ ಅಂದುಕೊಳ್ಳಬೇಡಿ, ಕ್ಯಾಂಪೇ ಚಿಕ್ಕದು. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೂ ವಾರಕ್ಕೊಂದು ದಿನ ಇಟ್ಟುಕೊಳ್ಳಿ. ಅಮ್ಮಂದಿರಿಗೆ ಒಂದು ಮಾತು. ಎಷ್ಟೋ ಕೊಳಗಳಲ್ಲಿ ಹೆಂಗಸರ ಬ್ಯಾಚ್ ಬೇರೆಯೇ ಇದೆ, ಮಗು ಕಲಿಯುವ ವರ್ಷವೇ ನೀವೂ ಸೇರಿಕೊಳ್ಳಿ. ಕಟ್ಟೆ ಮೇಲೆ ಟವೆಲ್ ಹಿಡಿದು ಕೂರುವ ಆ ಒಂದು ಗಂಟೆ ಹೇಗೂ ಹೋಗುತ್ತಿದೆ.

ದಿನದಿನದ ಸಣ್ಣ ವಿಷಯಗಳು

ಊಟ: ಹೊಟ್ಟೆ ಬಿರಿಯ ತಿಂದು ಇಳಿದರೆ ವಾಂತಿಯಾಗುತ್ತದೆ. ಖಾಲಿ ಹೊಟ್ಟೆಯಲ್ಲೂ ಬೇಡ. ಮುಕ್ಕಾಲು ಗಂಟೆ ಮೊದಲು ಒಂದು ಬಾಳೆಹಣ್ಣು ಅಥವಾ ಲೋಟ ರಾಗಿ ಮಾಲ್ಟ್ ಸಾಕು. ಈಜಿ ಬಂದ ಮಕ್ಕಳಿಗೆ ಹಸಿವು ಕೇಳಬೇಡಿ! ಅವಲಕ್ಕಿಯೋ ಮೊಸರನ್ನವೋ ಡಬ್ಬಿಯಲ್ಲಿ ಇರಲಿ. ಇಲ್ಲದಿದ್ದರೆ ಗೇಟಿನ ಹೊರಗಿನ ಗೋಬಿ ಗಾಡಿಯವರೇ ಗತಿ.

ಕಿವಿ: ನೀರು ಹೋದರೆ ತಲೆ ವಾಲಿಸಿ, ಕಿವಿಯ ಹಾಲೆಯನ್ನು ಮೆಲ್ಲಗೆ ಎಳೆದು ಬಿಡಿ, ತಾನೇ ಇಳಿಯುತ್ತದೆ. ಬಡ್ಸ್ ಹಾಕಬೇಡಿ. ಅಜ್ಜಿ ಬೆಚ್ಚಗಿನ ಎಣ್ಣೆ ತಂದರೆ ಅವರಿಗೂ ಕೈ ಮುಗಿದು ಬೇಡ ಅನ್ನಿ. ಹಾಲೆ ಮುಟ್ಟಿದರೆ ನೋವು, ಸೋರುವುದು ಕಂಡರೆ ಡಾಕ್ಟರ್ ನೋಡಲಿ.

ಕೂದಲು: ಇಳಿಯುವ ಮೊದಲು ಒಳ್ಳೆ ನೀರಿನಲ್ಲಿ ತಲೆ ಪೂರ್ತಿ ನೆನೆಸಿದರೆ ಕೂದಲು ಕ್ಲೋರಿನ್ ನೀರನ್ನು ಕಡಿಮೆ ಹೀರುತ್ತದೆ. ಎಣ್ಣೆ ಹಚ್ಚಿಕೊಂಡು ಇಳಿದರೆ ಕೊಳ ಕೆಡುತ್ತದೆ. ಅದು ಸ್ನಾನದ ನಂತರಕ್ಕಿರಲಿ. ಉದ್ದ ಕೂದಲಿನ ಹೆಣ್ಣುಮಕ್ಕಳು ಟೋಪಿ ಹಾಕದೆ ತಳದ ನೀರೆಳೆಯುವ ಜಾಲರಿಯ ಹತ್ತಿರ ಹೋಗಲೇಬಾರದು, ಕೂದಲು ಸಿಕ್ಕಿಕೊಳ್ಳುತ್ತದೆ.

ಚಳಿ: ತುಟಿ ನೀಲಿಯಾದರೆ, ಹಲ್ಲು ಕಟಕಟಿಸಿದರೆ ಅಂದಿನ ಪಾಠ ಮುಗಿಯಿತು.

ಗುಡುಗು: ಏಪ್ರಿಲ್, ಮೇ ಸಂಜೆ ನಮ್ಮಲ್ಲಿ ಗುಡುಗು ಸಿಡಿಲಿನ ಮಳೆ ಸಾಮಾನ್ಯ. ಗುಡುಗು ಕೇಳಿದ ಕೂಡಲೇ ನೀರಿನಿಂದ ಹೊರಗೆ ಬರಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಮತ್ತೆ ಇಳಿಯಬಾರದು.

ಕೆಮ್ಮು: ನೀರು ಕುಡಿದ ಮಗು ಒಂದೆರಡು ನಿಮಿಷ ಕೆಮ್ಮಿ ಸರಿಹೋಗುತ್ತದೆ. ಮನೆಗೆ ಬಂದ ಮೇಲೂ ಕೆಮ್ಮು ನಿಲ್ಲದೆ, ಉಸಿರು ಜೋರಾಗಿ, ಮಂಕಾಗಿ ಮಲಗಿಬಿಟ್ಟರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.

ಕೊಳದಲ್ಲಿ ಕಲಿತವರು ಹೊಳೆಗೆ ಇಳಿಯಬಹುದಾ?

ರಜೆಯ ಕೊನೆಗೆ ಎಲ್ಲರೂ ಒಮ್ಮೆ ನೀರಿರುವ ಕಡೆ ಹೊರಡುತ್ತೇವೆ. ಬುತ್ತಿ ಕಟ್ಟಿಕೊಂಡು ಬಲಮುರಿ, ಮುತ್ತತ್ತಿ, ಇಲ್ಲವೇ ಗೋಕರ್ಣ, ಮಲ್ಪೆ. ಕೊಳದ ಈಜು ಅಲ್ಲಿ ಅರ್ಧಕ್ಕೂ ಬಾರದು. ಹೊಳೆಯಲ್ಲಿ ತಳ ಕಾಣದು, ಮಂಡಿಯುದ್ದದ ನೀರಿನ ಪಕ್ಕದಲ್ಲೇ ಮಡು ಇರುತ್ತದೆ, ಬಂಡೆ ಪಾಚಿಗಟ್ಟಿರುತ್ತದೆ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಮಟ್ಟ ನೋಡನೋಡುತ್ತಲೇ ಏರುತ್ತದೆ. ಕಾವೇರಿಯ ಮುತ್ತತ್ತಿ, ಮೇಕೆದಾಟು ಕಡೆಯ ಸುಳಿಗಳು ಈಜು ಬಲ್ಲವರನ್ನೂ ಬಿಟ್ಟಿಲ್ಲ. ಎಚ್ಚರಿಕೆ ಫಲಕ ಇರುವ ಕಡೆ ಇಳಿಯುವುದೇ ಬೇಡ. ಕೆರೆಯಲ್ಲಿ ಹೂಳು ಮತ್ತು ತಾವರೆ ಬಳ್ಳಿ ಕಾಲು ಹಿಡಿಯುತ್ತವೆ. ಕಲ್ಲು ಕ್ವಾರಿಯ ಹೊಂಡಕ್ಕೆ ಮೆಟ್ಟಿಲೂ ಇಲ್ಲ, ಇಳಿಜಾರೂ ಇಲ್ಲ.

ಊರಿಗೆ ಹೋದವರು ಕೃಷಿ ಹೊಂಡದ ಬಗ್ಗೆ ಬೇರೆಯಾಗಿಯೇ ಎಚ್ಚರ ವಹಿಸಬೇಕು. ನೋಡಲು ಚಿಕ್ಕ ಕೊಳದ ಹಾಗೆ ಕಾಣುತ್ತದೆ. ನೀರು ಇಂಗದಿರಲೆಂದು ಸುತ್ತಲೂ ಪ್ಲಾಸ್ಟಿಕ್ ಹಾಳೆ ಹೊದಿಸಿರುತ್ತಾರೆ. ನೆನೆದ ಹಾಳೆ ಬೆಣ್ಣೆಯಂತೆ ಜಾರುತ್ತದೆ, ಈಜು ಬಲ್ಲ ದೊಡ್ಡವರಿಗೂ ಹತ್ತಿ ಬರಲು ಆಗುವುದಿಲ್ಲ. ನಿಮ್ಮದೇ ಹೊಲದಲ್ಲಿ ಹೊಂಡವಿದ್ದರೆ ಬೇಲಿ ಹಾಕಿಸಿ, ಒಳಗೆ ನಾಲ್ಕೂ ಕಡೆ ಗಂಟು ಹಾಕಿದ ಹಗ್ಗ ಇಳಿಬಿಡಿ. ಇವತ್ತೇ ಮಾಡಬಹುದಾದ ಕೆಲಸ.

ಸಮುದ್ರದಲ್ಲಿ ಅಲೆ ಕಡಿಮೆ ಇರುವ, ಶಾಂತವಾಗಿ ಕಾಣುವ ಪಟ್ಟಿಯೇ ಹಲವು ಸಲ ಮೋಸದ ಜಾಗ. ದಡಕ್ಕೆ ಬಂದ ನೀರು ಅಲ್ಲಿಂದಲೇ ಒಳಕ್ಕೆ ಎಳೆದುಕೊಂಡು ಹೋಗುತ್ತಿರುತ್ತದೆ. ಸೆಳೆತಕ್ಕೆ ಸಿಕ್ಕರೆ ದಡದ ಕಡೆ ಹೋರಾಡಬಾರದು. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಸೆಳೆತ ದಾಟಿದ ಮೇಲೆ ದಡಕ್ಕೆ ತಿರುಗಬೇಕು. ಆಗದಿದ್ದರೆ ಅಂಗಾತ ತೇಲಿ ಕೈ ಬೀಸಬೇಕು. ಆರನೇ ಹಂತದಲ್ಲಿ ವಾರ ಹಿಡಿದರೂ ಹಿಡಿಯಲಿ ಎಂದದ್ದು ಇದಕ್ಕೇ.

ಹತ್ತು ಜನ ದೊಡ್ಡವರಿದ್ದಾಗಲೇ ಮಕ್ಕಳು ಮುಳುಗುವುದು. ಎಲ್ಲರೂ ಇನ್ನೊಬ್ಬರು ನೋಡುತ್ತಿದ್ದಾರೆ ಅಂದುಕೊಂಡಿರುತ್ತಾರೆ. ಒಬ್ಬರಿಗೆ ಕಾವಲು ಎಂದು ಹೆಸರು ಹಿಡಿದು ಹೇಳಿ. ಹದಿನೈದು ನಿಮಿಷ ಅವರಿಗೆ ಫೋನಿಲ್ಲ, ಇಸ್ಪೀಟಿಲ್ಲ. ಆಮೇಲೆ ಇನ್ನೊಬ್ಬರು. ಮುಳುಗುವ ಮಗು ಸಿನಿಮಾದ ಹಾಗೆ "ಕಾಪಾಡಿ" ಎಂದು ಕೂಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿರುತ್ತದೆ, ತಲೆ ಹಿಂದಕ್ಕೆ ವಾಲಿರುತ್ತದೆ, ಏಣಿ ಹತ್ತುವಂತೆ ಕೈಯಾಡಿಸುತ್ತದೆ. 20ರಿಂದ 60 ಸೆಕೆಂಡ್, ಅಷ್ಟೇ. ಗಲಾಟೆ ಮಾಡುತ್ತಿದ್ದ ಮಗು ಸುಮ್ಮನಾಯಿತೆಂದರೆ ತಕ್ಷಣ ನೋಡಿ.

ಯಾರಾದರೂ ಮುಳುಗುತ್ತಿದ್ದರೆ ಹಿಂದೆಯೇ ಹಾರಬೇಡಿ. ಒಬ್ಬರನ್ನು ಎತ್ತಲು ಹೋಗಿ ಮೂವರು ಹೋದ ಸುದ್ದಿ ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ. ದಡದಲ್ಲಿ ಬೋರಲು ಮಲಗಿ ಕೋಲು, ಸೀರೆ, ದುಪ್ಪಟ್ಟಾ, ಹಗ್ಗ ಚಾಚಿ. ದೂರವಿದ್ದರೆ ಮುಚ್ಚಳ ಹಾಕಿದ ಖಾಲಿ ಕ್ಯಾನ್, ಪ್ಲಾಸ್ಟಿಕ್ ಕೊಡ, ಏನು ತೇಲುತ್ತದೋ ಅದನ್ನು ಎಸೆಯಿರಿ. ಇನ್ನೊಬ್ಬರು 112 ಅಥವಾ 108ಕ್ಕೆ ಫೋನ್ ಮಾಡಲಿ.

ಮೇಲೆ ತಂದ ಮಗು ಉಸಿರಾಡದಿದ್ದರೆ ತಲೆಕೆಳಗಾಗಿ ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಬೇಡ, ಅಮೂಲ್ಯ ಹೊತ್ತು ಅದರಲ್ಲೇ ಹೋಗುತ್ತದೆ. ಅಂಗಾತ ಮಲಗಿಸಿ, ಗಲ್ಲ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಎದೆ ಏರುವಷ್ಟು ಉಸಿರು ಕೊಡಿ. ಆಮೇಲೆ ಎದೆಯ ನಡುವೆ ಗಟ್ಟಿಯಾಗಿ, ಬೇಗಬೇಗ 30 ಸಲ ಒತ್ತಿ, ಮತ್ತೆ 2 ಸಲ ಉಸಿರು. ಮಗು ಉಸಿರಾಡುವವರೆಗೆ ಅಥವಾ ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ಇದನ್ನು ಓದಿ ಕಲಿಯಲು ಆಗುವುದಿಲ್ಲ. ನಿಮ್ಮ ಕೊಳದ ಲೈಫ್‌ಗಾರ್ಡ್ ಹತ್ತಿರ, ಕ್ಯಾಂಪ್ ಮುಗಿಯುವುದರೊಳಗೆ ಒಂದು ದಿನ, ಎಲ್ಲ ಅಪ್ಪ ಅಮ್ಮಂದಿರೂ ಸೇರಿ ಗೊಂಬೆಯ ಮೇಲೆ ಮಾಡಿಸಿ ತೋರಿಸಲು ಕೇಳಿಕೊಳ್ಳಿ.